ಚೌಕಟ್ಟಿನೊಳಗಿನ ಮೂರನೆಯ ಕೈ

ಗಡಿ

ಹೈದರಾಬಾದಿಗೆ ಹೋಗಿ ಬಂದದ್ದನ್ನು ವಿದೇಶ ಪ್ರವಾಸ ಎಂದು ಕರೆಯುವುದಕ್ಕೆ ನಮ್ಮ ಓಣಿಯಲ್ಲಿ ಆಕ್ಷೇಪಣೆಗಳಿವೆ. ಪಕ್ಕದ ಮನೆಯವರು ಮಗಳ ಬಾಣಂತನಕ್ಕೆ ಟೊರಾಂಟೊ ತನಕ ಹೋಗಿ ಬಂದವರು. ವಿಮಾನದಲ್ಲಿ ಎರಡು ಊಟ ಕೊಡದಿದ್ದರೆ ಅದು ವಿದೇಶವಲ್ಲ ಎಂಬುದು ಅವರ ಸಿದ್ಧಾಂತ. ಆದರೆ ನನ್ನ ಅಜ್ಜನ ಕಾಲಕ್ಕೆ ಧಾರವಾಡ ಮುಂಬಯಿ ಇಲಾಖೆಯಲ್ಲಿತ್ತು. ಗದಗ ದಾಟಿ ಸ್ವಲ್ಪ ಮುಂದೆ ಹೋದರೆ ನಿಜಾಮರ ಸೀಮೆ. ಅಲ್ಲಿ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಸಂಶಯವೂ ಬೇರೆ. ಅಜ್ಜ ಒಮ್ಮೆ ಒಂದು ಡಬ್ಬಿ ಕರದಂಟು ಹಿಡಿದು ಕೊಪ್ಪಳಕ್ಕೆ ಹೊರಟಾಗ ಜಕಾತಿ ಕಟ್ಟೆಯವರು ಡಬ್ಬಿ ಬಿಚ್ಚಿಸಿ ಪರೀಕ್ಷೆ ಮಾಡಿದರಂತೆ. ಪರೀಕ್ಷೆ ಮುಗಿದಾಗ ಅರ್ಧ ಡಬ್ಬಿ ಉಳಿದಿತ್ತು. ವಿದೇಶ ಎನ್ನಲು ನಮ್ಮ ಮನೆತನಕ್ಕೆ ಅಷ್ಟು ಸಾಕ್ಷಿ ಸಾಕು.

ನಾನು ಅಂಚೆ ಇಲಾಖೆಯಲ್ಲಿದ್ದು ನಿವೃತ್ತನಾದವನು. ಅದು ಹೊಟ್ಟೆಪಾಡು. ಉಳಿದ ಹೊತ್ತು, ನಲವತ್ತು ವರ್ಷದಿಂದ, ನಮ್ಮೂರಿನ ಒಬ್ಬ ಪಂಡಿತರ ಹಿಂದೆ ಕೂತು ತಂಬೂರಿ ಬಾರಿಸುತ್ತೇನೆ. ನಾಲ್ಕು ತಂತಿ, ಎರಡು ಬೆರಳು. ಹಾಡುವವರು ತಪ್ಪಿದರೂ ತಂಬೂರಿ ತಪ್ಪಬಾರದು, ಹಾಡುವವರು ಮೆರೆದರೂ ತಂಬೂರಿ ಮೆರೆಯಬಾರದು, ಕೇಳದೆ ಮಾತಾಡಬಾರದು. ಇಷ್ಟೇ ವಿದ್ಯೆ. ಕಲಿಯಲು ಹದಿನೈದು ನಿಮಿಷ ಸಾಕು. ಹಾಗೇ ಇರುವುದಕ್ಕೆ ಮಾತ್ರ ಬಹಳ ದಿನ ಬೇಕು.

ಹೈದರಾಬಾದಿನಿಂದ ವಸಂತರಾಯರು ಎಂಬವರು ಪಂಡಿತರಿಗೆ ಪತ್ರ ಬರೆದಿದ್ದರು. ಅವರ ಹಿರಿಯರು ಬೀದರ ಸೀಮೆಯವರು, ನಿಜಾಮರ ಕಾಲದಲ್ಲೇ ಹೈದರಾಬಾದು ಸೇರಿದವರು. ವಂಶದ ಮೂಲಪುರುಷರು ನರಸಿಂಗರಾಯರು, ಹದಿನೆಂಟನೆಯ ಶತಮಾನದ ದೊಡ್ಡ ಗವಾಯಿ. ಅವರ ಜೀವಮಾನದಲ್ಲೇ ಬರೆದ ಅವರ ಚಿತ್ರವೊಂದು ಮನೆಯಲ್ಲಿದೆ. ಚೌಕಟ್ಟಿಗೆ ಗೆದ್ದಲು ಹಿಡಿದದ್ದರಿಂದ ಹೊಸದು ಹಾಕಿಸುತ್ತಿದ್ದೇವೆ, ಆ ನೆಪದಲ್ಲಿ ಒಂದು ಬೈಠಕ್ ಇಟ್ಟುಕೊಂಡಿದ್ದೇವೆ, ತಾವು ಬಂದು ಹಾಡಬೇಕು ಎಂದಿತ್ತು ಪತ್ರದಲ್ಲಿ. ಜೊತೆಗಿದ್ದ ಆಮಂತ್ರಣ ಪತ್ರಿಕೆಯಲ್ಲಿ ‘ನಮ್ಮ ವಂಶದ ಗಾಯಕರತ್ನ’ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು. ಪಂಡಿತರು ಅಕ್ಷರವನ್ನು ಉಗುರಿನಿಂದ ಕೆರೆದು ನೋಡಿ, ಹೋಗೋಣ ಎಂದರು.

ಮಿಯಾಪುರ

ಬೆಳಗಿನ ಎಂಟಕ್ಕೆ ಬಸ್ಸು ನಮ್ಮನ್ನು ಮಿಯಾಪುರದಲ್ಲಿ ಇಳಿಸಿತು. ವಸಂತರಾಯರ ಮನೆ ಅಲ್ಲೇ ಹತ್ತಿರದ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ. ನಮ್ಮ ಧಾರವಾಡದಲ್ಲಿ ಒಂದು ಓಣಿಯನ್ನು ಮಲಗಿಸಿಟ್ಟಿದ್ದಾರೆ. ಇಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದಾರೆ. ಅಂಥ ಹನ್ನೊಂದು ಓಣಿ ಒಂದೇ ಕಂಪೌಂಡಿನಲ್ಲಿ ನಿಂತಿದ್ದವು.

ಕಾವಲುಗಾರ “ಎವರಿಂಟಿಕಿ ಸಾರ್?” ಎಂದು ತೆಲುಗಿನಲ್ಲಿ ಯಾರ ಮನೆಗೆಂದು ಕೇಳಿ, ಪಂಡಿತರನ್ನೂ ನನ್ನನ್ನೂ ಮೊಬೈಲಿನಲ್ಲಿ ಬರೆದುಕೊಂಡ. ತಂಬೂರಿಯ ಹತ್ತಿರ ಬಂದಾಗ ಅವನ ಬೆರಳು ನಿಂತಿತು. ನನ್ನ ತಂಬೂರಿ ಬಿಳಿ ಬಟ್ಟೆಯ ಗವಸಿನಲ್ಲಿರುತ್ತದೆ, ನಿಲ್ಲಿಸಿದರೆ ನನ್ನ ಎದೆಯ ತನಕ ಬರುತ್ತದೆ. ಮೊಬೈಲಿನ ಪಟ್ಟಿಯಲ್ಲಿ ಅತಿಥಿ, ಊಟ ತರುವವರು, ಕೆಲಸದವರು, ಪೀಠೋಪಕರಣ ಎಂದು ನಾಲ್ಕೇ ಬಗೆ ಇದ್ದವು. ಬಹಳ ಯೋಚಿಸಿ ಅವನು ತಂಬೂರಿಯನ್ನು ಪೀಠೋಪಕರಣಕ್ಕೆ ಸೇರಿಸಿದ. ಪೀಠೋಪಕರಣ ಸಾಮಾನಿನ ಲಿಫ್ಟಿನಲ್ಲಿ ಮಾತ್ರ ಹೋಗಬೇಕು, ಜೊತೆಗೆ ಒಬ್ಬರು ಇರಬೇಕು. ಪಂಡಿತರು ಮನುಷ್ಯರ ಲಿಫ್ಟಿನಲ್ಲಿ ಹೋದರು. ನಾನು ಹಿಂದಿನಿಂದ ಹೋದೆ. ಇದರಲ್ಲಿ ಹೊಸದೇನೂ ಇರಲಿಲ್ಲ.

ಸಾಮಾನಿನ ಲಿಫ್ಟಿನಲ್ಲಿ ಆಗಲೇ ಟೈಲ್ಸಿನ ಪೆಟ್ಟಿಗೆಗಳಿದ್ದವು. ಅವುಗಳ ಮೇಲೆ ಕೂತಿದ್ದ ಗೌಂಡಿ ನನ್ನನ್ನೂ ಬಿಳಿ ಗವಸನ್ನೂ ಮೂರು ಮಹಡಿಯ ತನಕ ಸುಮ್ಮನೆ ನೋಡಿದ.

“ಧಾರವಾಡದವರೇನ್ರಿ?” ಎಂದ. ನಾನು ಬಾಯಿ ಬಿಟ್ಟಿರಲಿಲ್ಲ. ಟೋಪಿ ಹೇಳಿರಬೇಕು.

“ಹೌದಪಾ. ನಿಂದು ಯಾವೂರು?”

“ಸುರಪುರ ಬಾಜೂಕ್ರಿ. ಇಲ್ಲಿ ಫರಸಿ ಕೆಲಸ ಮಾಡಾಕತ್ತೀನ್ರಿ.” ಇನ್ನೊಂದು ಮಹಡಿ ಕಳೆಯಿತು. “ಒಳಗ ಏನೈತ್ರಿ? ಅಲ್ಲ, ಬಿಳಿ ಅರಬಿ ಸುತ್ತೀರಿ, ಅದಕ್ಕ ಕೇಳಿದ್ನಿ.”

“ತಂಬೂರಿ.”

“ಹಾಂ.” ಅವನು ಸಮಾಧಾನದಿಂದ ಕಾಲು ಚಾಚಿದ. “ನಾ ಬ್ಯಾರೇನ ತಿಳದಿದ್ನ್ರಿ. ಸಣ್ಣಾಂವ ಇರಬೇಕು ಪಾಪ, ಅಂದ್ಕೊಂಡಿದ್ನಿ.”

ಒಂಬತ್ತನೆಯ ಮಹಡಿಯಲ್ಲಿ ಅವನೇ ತಂಬೂರಿಯ ಒಂದು ತುದಿ ಹಿಡಿದು, ಬಹಳ ಗೌರವದಿಂದ, ಬಾಗಿಲ ತನಕ ಬಂದು ಇಳಿಸಿ ಹೋದ.

ಒಂಬತ್ತನೆಯ ಮಹಡಿ

ವಸಂತರಾಯರು ನಾಚಾರಂನ ಒಂದು ಪಂಪು ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅಳತೆಯ ಮನುಷ್ಯ. ಪಂಡಿತರ ಹಾಸಿಗೆ ಕಿಟಕಿಯಿಂದ ಎಷ್ಟು ಅಡಿ ದೂರ, ಬಿಸಿನೀರಿನ ಥರ್ಮಾಸು ಹಾಸಿಗೆಯಿಂದ ಎಷ್ಟು ದೂರ ಎಂಬುದನ್ನೆಲ್ಲ ಲೆಕ್ಕ ಹಾಕಿ ಇಟ್ಟಿದ್ದರು. ಮನೆಯಲ್ಲಿ ಅವರೂ ಅವರ ಅಕ್ಕ ಸುಭದ್ರಾಬಾಯಿಯವರೂ. ಎಲ್ಲರೂ ಸುಭದ್ರಕ್ಕ ಎನ್ನುತ್ತಾರೆ. ಎಂಬತ್ತು ದಾಟಿದ್ದಾರೆ, ಕಣ್ಣು ಮಂದ, ಉಳಿದದ್ದು ಯಾವುದೂ ಮಂದವಲ್ಲ.

ಹಜಾರದ ಗೋಡೆಯಲ್ಲಿ ಚಿತ್ರ ಇರಬೇಕಾದ ಜಾಗ ಖಾಲಿ ಇತ್ತು. ಸುತ್ತಲಿನ ಬಣ್ಣ ಮಾಸಿ, ಅಷ್ಟು ಜಾಗ ಮಾತ್ರ ಹೊಸದಾಗಿ, ಒಂದು ಚೌಕ. ಚೌಕದ ಮೇಲ್ಭಾಗದಲ್ಲಿ ಒಂದು ಗಂಧದ ಬೊಟ್ಟು.

“ಅಕ್ಕ ದಿನಾ ಅವರ ಹಣಿಗೆ ಗಂಧ ಹಚ್ಚತಾಳ್ರಿ,” ಎಂದರು ವಸಂತರಾಯರು. “ಚಿತ್ರ ರಿಪೇರಿಗೆ ಕೊಟ್ಟೀನಿ ಅಂದ್ರ, ಚಿತ್ರ ಹೋಗ್ಯದ, ಹಣಿ ಎಲ್ಲಿ ಹೋಗ್ತದ ಅಂತಾಳ.”

ಸುಭದ್ರಕ್ಕ ಒಳಗಿನಿಂದಲೇ ಹೇಳಿದರು: “ಅಳತಿ ತಪ್ಪಿದ್ರ ಹೇಳ್ರಿ.”

ಅವರ ಕತೆ ಊಟದ ಹೊತ್ತಿಗೆ ತಿಳಿಯಿತು. ಹುಡುಗಿಯರನ್ನು ಹಾಡಿಕೆಗೆ ಹಚ್ಚದ ಕಾಲದಲ್ಲಿ ಅವರ ತಂದೆ ಇವರನ್ನು ಹಾಡಿಕೆಗೆ ಹಚ್ಚಿದ್ದರು. ಕಾರಣ, ನಮ್ಮದು ಗಾಯಕರ ಮನೆತನ, ಗೋಡೆಯ ಮೇಲೆ ನರಸಿಂಗರಾಯರೇ ಕೂತಿದ್ದಾರೆ. ಚಿತ್ರದ ಕೆಳಗೆ ಕೂತೇ ಅಭ್ಯಾಸ. ಮುಂದೆ ರೇಡಿಯೋದಲ್ಲಿ ಹಾಡಿದರು, ಹೈದರಾಬಾದಿನ ಸಭೆಗಳಲ್ಲಿ ಹಾಡಿದರು. ಈಗ ಹಾಡಿಕೆ ನಿಲ್ಲಿಸಿ ಬಹಳ ವರ್ಷವಾಗಿದೆ.

“ಛಲೋ ಹಾಡಿದ ದಿನ ಎಲ್ಲಾರೂ ಚಿತ್ರಕ್ಕ ಕೈ ಮುಗೀತಿದ್ರು,” ಎಂದು ಸುಭದ್ರಕ್ಕ ಚಪಾತಿ ಮುರಿಯುತ್ತ ಹೇಳಿದರು. “ನರಸಿಂಗರಾಯರ ಕಂಠ ಬಂದದ ಅಂತಿದ್ರು. ಕೆಟ್ಟ ಹಾಡಿದ ದಿನ ಮಾತ್ರ ನನ್ನ ಕಡೆ ನೋಡ್ತಿದ್ರು.”

ವಸಂತರಾಯರು ನಕ್ಕರು. ಅಕ್ಕನಿಗೆ ಆ ಚಿತ್ರ ಎಂದರೆ ಏನು ಎಂಬುದನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಗೋಡೆಯ ಮೇಲಿನ ಬೊಟ್ಟು ಕಾಣುತ್ತಿತ್ತು.

ಪಂಡಿತರು ಮಧ್ಯಾಹ್ನ ಮೌನ ಹಿಡಿಯುವವರು. ಕಂಠಕ್ಕೆ ವಿಶ್ರಾಂತಿ. ಅವರನ್ನು ಥರ್ಮಾಸಿನ ಹತ್ತಿರ ಬಿಟ್ಟು ವಸಂತರಾಯರು ಚೌಕಟ್ಟಿನ ಅಂಗಡಿಗೆ ಹೊರಟರು. ನಾನೂ ಜೊತೆಗೆ ಹೊರಟೆ.

ನಾಂಪಲ್ಲಿ

ಮಿಯಾಪುರದಿಂದ ನಾಂಪಲ್ಲಿಗೆ ಮೆಟ್ರೋ ಒಂದೇ ಗೆರೆ. ಡಬ್ಬಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ಮೊಬೈಲಿಗೆ ನಮಸ್ಕಾರದ ಭಂಗಿಯಲ್ಲಿದ್ದರು. ನಮ್ಮಲ್ಲಿ ಇಷ್ಟು ಭಕ್ತಿ ದೇವಸ್ಥಾನದಲ್ಲೂ ಕಂಡಿಲ್ಲ.

ಅಂಗಡಿ ಸ್ಟೇಷನ್ನಿನ ಹತ್ತಿರದ ಒಂದು ಸಂದಿಯಲ್ಲಿತ್ತು. ಖಲೀಲ್ ಸಾಬ್ ಅಂಗಡಿಯವರು, ಅವರೇ ಕಾರಿಗರ. ಗೋಡೆಯ ಮೇಲೆ ಖುರಾನಿನ ಸಾಲುಗಳು, ತಿರುಪತಿ ತಿಮ್ಮಪ್ಪ, ಯಾರದೋ ಮದುವೆಯ ಜೋಡಿ, ಎಲ್ಲರೂ ಒಂದೇ ಬಗೆಯ ಬಂಗಾರದ ಪಟ್ಟಿಯೊಳಗೆ.

“ಕೆಲಸ ಆಯಿತೇ?” ಎಂದು ವಸಂತರಾಯರು ದಖನಿಯಲ್ಲಿ ಕೇಳಿದರು.

“ಪರ್ಸೋಂಚ್ ಹೋಗಯಾ ಸಾಬ್,” ಎಂದರು ಖಲೀಲ್ ಸಾಬ್. ಮೊನ್ನೆಯೇ ಆಯಿತು ಎಂದು ಅರ್ಥ. ಹೈದರಾಬಾದಿನಲ್ಲಿ ಮೊನ್ನೆ ಎಂದರೆ ನಿನ್ನೆಯ ಹಿಂದಿನ ಯಾವ ದಿನವಾದರೂ ಆಗಬಹುದು ಎಂದು ವಸಂತರಾಯರು ನನಗೆ ಆಮೇಲೆ ವಿವರಿಸಿದರು. ಕಾರ್ಖಾನೆಯಲ್ಲಿ ಈ ಮೊನ್ನೆಯಿಂದ ಅವರಿಗೆ ರಕ್ತದೊತ್ತಡ ಬಂದಿತ್ತಂತೆ. ಆಗಿದ್ದದ್ದು ಚೌಕಟ್ಟು ಮಾತ್ರ. ಒಳಗಿನದು ಬಾಕಿ ಇತ್ತು. ಅದನ್ನು ಕೇಳಿಯೇ ಮಾಡಬೇಕೆಂದು ಖಲೀಲ್ ಸಾಬ್ ಕಾದಿದ್ದರು.

ಅವರು ಮೇಜಿನ ಮೇಲಿನ ಬಟ್ಟೆ ಸರಿಸಿದರು.

ಒಂದು ಮೊಳ ಎತ್ತರದ ಕಾಗದ. ಸುತ್ತ ಹೂಬಳ್ಳಿಯ ಅಂಚು. ನಡುವೆ, ಗುಲಾಬಿ ಬಣ್ಣದ ನಿಲುವಂಗಿ ತೊಟ್ಟು ಹಾಡುತ್ತಿರುವ ತುಂಬು ಮುಖದ ಮನುಷ್ಯ. ಒಂದು ಕೈ ಕಿವಿಯ ಮೇಲೆ, ಇನ್ನೊಂದು ಮುಂದಕ್ಕೆ ಚಾಚಿದೆ, ಬಾಯಿ ಅರ್ಧ ತೆರೆದಿದೆ. ಯಾವ ಸ್ವರ ಎಂದು ಹೇಳಲಾರೆ, ಆದರೆ ಸ್ವರದ ಮೇಲೇ ಇದ್ದ. ಚಿತ್ರದ ಬಲಗಡೆ, ಅವನ ಹೆಗಲ ಹಿಂದೆ ಇನ್ನೊಬ್ಬ. ತೆಳ್ಳಗೆ, ನರೆತ ಮೀಸೆ, ಹೆಗಲಿಗೊರಗಿದ ತಂಬೂರಿ. ಅವನು ನೋಡುತ್ತಿದ್ದದ್ದು ನಮ್ಮನ್ನಲ್ಲ, ಮುಂದೆ ಕೂತವನ ಕತ್ತಿನ ಹಿಂಭಾಗವನ್ನು. ಆ ನೋಟ ನನಗೆ ಪರಿಚಯದ್ದು. ಪಂಡಿತರ ಕತ್ತಿನ ಹಿಂದೆ ಎರಡು ಮಚ್ಚೆಗಳಿವೆ. ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ.

“ಇವರು ಯಾರು?” ಎಂದರು ವಸಂತರಾಯರು. ಹುಟ್ಟಿದಾಗಿನಿಂದ ಆ ಚಿತ್ರ ನೋಡಿದವರು. ಎರಡನೆಯ ಮನುಷ್ಯನನ್ನು ನೋಡುತ್ತಿದ್ದದ್ದು ಅದೇ ಮೊದಲು.

ಚಿತ್ರಕ್ಕೂ ಗಾಜಿಗೂ ನಡುವೆ ಕಿಟಕಿ ಕೊರೆದ ಒಂದು ರಟ್ಟು ಇರುತ್ತದೆ. ಹಳೆಯ ಚೌಕಟ್ಟಿನ ರಟ್ಟು ಬಹಳ ಅಗಲವಾಗಿತ್ತು. ಅಷ್ಟೂ ದಿನ ಅದು ಹಿಂದಿನವನನ್ನು ಪೂರ್ತಿ ಮುಚ್ಚಿತ್ತು. ಅವನ ಜೊತೆಗೆ ಇಬ್ಬರ ತಲೆಯ ಮೇಲೂ ಸಣ್ಣ ಫಾರಸಿ ಅಕ್ಷರದಲ್ಲಿ ಬರೆದ ಎರಡು ಸಾಲನ್ನೂ ಮುಚ್ಚಿತ್ತು.

ಖಲೀಲ್ ಸಾಬ್ ಕನ್ನಡಕ ಏರಿಸಿ ಓದಿದರು. ಮುಂದಿನವನ ಮೇಲೆ: ಇದು ಮಿಯಾ ಫಜಲ್ ಗವಾಯಿಯ ಚಿತ್ರ. ಹಿಂದಿನವನ ಮೇಲೆ: ಇದು ನರಸಿಂಗರಾಯನ ಚಿತ್ರ, ತಂಬೂರಿ ಬಾರಿಸುವವನು.

ವಸಂತರಾಯರು ಇನ್ನೊಮ್ಮೆ ಓದಲು ಹೇಳಿದರು. ಓದಿದರೂ ಅದೇ ಬಂತು.

“ಬರೆಯುವವನು ಹೆಸರು ಅದಲು ಬದಲು ಮಾಡಿರಬಹುದು,” ಎಂದರು.

ಖಲೀಲ್ ಸಾಬ್ ತಲೆ ಅಲ್ಲಾಡಿಸಿ, ನಿಲುವಂಗಿಯ ಕಸೆ ತೋರಿಸಿದರು. ಆ ಕಾಲದಲ್ಲಿ ಇಂಥ ಅಂಗಿಯನ್ನು ಮುಸಲ್ಮಾನರು ಬಲ ಕಂಕುಳಿನ ಕೆಳಗೆ ಕಟ್ಟುತ್ತಿದ್ದರು, ಹಿಂದೂಗಳು ಎಡ ಕಂಕುಳಿನ ಕೆಳಗೆ. ಮುಂದಿನವನ ಕಸೆ ಬಲಕ್ಕಿತ್ತು, ಹಿಂದಿನವನದು ಎಡಕ್ಕೆ. ತಮ್ಮ ಕೈಯಲ್ಲಿ ಇಂಥ ಎಷ್ಟೋ ಚಿತ್ರ ಹಾದುಹೋಗಿವೆ, ಚಿತ್ರ ಬರೆಯುವವರು ಮೂಗು ತಪ್ಪಿದರೂ ಕಸೆ ತಪ್ಪುತ್ತಿರಲಿಲ್ಲ ಎಂದರು. ಆಮೇಲೆ ಹಳೆಯ ರಟ್ಟಿನ ಬೆನ್ನು ತಿರುಗಿಸಿದರು. ಅಲ್ಲಿ ಪೆನ್ಸಿಲಿನ ಒಂದು ಗೆರೆ, ಗೆರೆಯ ಪಕ್ಕ ಉರ್ದುವಿನಲ್ಲಿ ‘ಇಲ್ಲಿಯವರೆಗೆ ಮುಚ್ಚುವುದು’, ಕೆಳಗೆ ಒಂದು ಸಹಿ.

“ನಮ್ಮ ಅಜ್ಜಂದು,” ಎಂದರು ವಸಂತರಾಯರು, ಸಹಿಯ ಮೇಲೆ ಬೆರಳಿಟ್ಟು. “ಹೈಕೋರ್ಟ್ ವಕೀಲರಿದ್ರು. ಬ್ಯಾಡಾದ ಸಾಕ್ಷಿ ಮುಚ್ಚೂದು ಅವರ ಕಸಬು.”

ಸಂದಿಯಲ್ಲಿ ಯಾರೋ ಗೋಡಂಬಿ ಬಿಸ್ಕೀಟು ಮಾರುತ್ತ ಹೋದರು. ಖಲೀಲ್ ಸಾಬ್ ಹೊಸ ರಟ್ಟು ಮೇಜಿನ ಮೇಲೆ ಹಾಸಿ, ಕತ್ತಿ ಹಿಡಿದು, ತಮ್ಮ ಕೆಲಸದ ಪ್ರಶ್ನೆ ಕೇಳಿದರು.

“ಕಿತ್ತಾ ಛುಪಾನಾ ಸಾಬ್?”

ಎಷ್ಟು ಮುಚ್ಚಬೇಕು. ವಸಂತರಾಯರು ನನ್ನ ಕಡೆ ನೋಡಿದರು.

“ಅಚ್ಚಾದ ಆಮಂತ್ರಣ ಹಾಳಾಗ್ಲಿ ಬಿಡ್ರಿ, ಜೋಶಿಯವರ. ನನಗ ಅಕ್ಕಂದ ಚಿಂತಿ. ಆಕಿ ಎಂಟು ವರ್ಷದಾಕಿ ಇದ್ದಾಗಿಂದ ಈ ಮಾರಿ ನೋಡಿ ಹಾಡ್ಯಾಳ. ಈಗ ಈ ವಯಸ್ಸಿನಾಗ ಹೋಗಿ, ಅಕ್ಕಾ, ಇಂವ ನಮ್ಮಂವ ಅಲ್ಲ, ನಮ್ಮಂವ ಹಾಡೇ ಇಲ್ಲ ಅಂತ ಹೆಂಗ ಹೇಳ್ಲಿ?” ಆಮೇಲೆ ಖಲೀಲ್ ಸಾಬರಿಗೆ, ಮೊದಲು ಎಷ್ಟಿತ್ತೋ ಅಷ್ಟು ಎಂದರು. ನನಗೆ, “ಹಿಂದ ಕೂತಾಂವನ ವಿಷಯ ನೀವು ಯಾರ ಮುಂದೂ ಎತ್ತಬ್ಯಾಡ್ರಿ,” ಎಂದರು. ನಾನು ಮಾತು ಕೊಟ್ಟೆ. ಅಡುಗೆಯವರ ಫೋನು ಬಂತು. ವಸಂತರಾಯರು ಮಾತಾಡುತ್ತ ಸಂದಿಗೆ ಹೋದರು.

ಹಳೆಯ ರಟ್ಟಿನ ಕಿಟಕಿ ಒಂದು ಕಡೆ ನೆಟ್ಟಗಿರಲಿಲ್ಲ. ಬಲಗಡೆ ಅರ್ಧಕ್ಕೆ ಬಂದಾಗ ಸ್ವಲ್ಪ ಒಳಕ್ಕೆ ಉಬ್ಬಿ, ಮತ್ತೆ ನೆಟ್ಟಗಾಗಿತ್ತು. ಮನೆಯವರು ಅದನ್ನು ಹಳೆಯ ಕಾಲದ ಅಲಂಕಾರ ಎಂದು ತಿಳಿದಿದ್ದರಂತೆ. ಖಲೀಲ್ ಸಾಬ್ ಅದನ್ನು ನೋಡಿ ಹಳೆಯ ಕಾರಿಗರನ ಕೈ ನಡುಗಿದೆ ಎಂದು ತೀರ್ಮಾನಿಸಿದರು. ತಮ್ಮ ಕೈ ನಡುಗುವುದಿಲ್ಲ ಎಂಬುದರಲ್ಲಿ ಅವರಿಗೆ ಅಭಿಮಾನವಿತ್ತು. ಪಟ್ಟಿ ಇಟ್ಟು, ಮೇಲಿನಿಂದ ಕೆಳಕ್ಕೆ, ಒಂದೇ ಉಸಿರಿನಲ್ಲಿ ನೆಟ್ಟಗೆ ಕೊಯ್ದರು. ರಟ್ಟನ್ನು ಚಿತ್ರದ ಮೇಲಿಟ್ಟಾಗ ಉಬ್ಬು ಏನನ್ನು ಮುಚ್ಚಿತ್ತು ಎಂಬುದು ಕಂಡಿತು. ಹಿಂದಿನವನ ಮುಖ ಹೋಯಿತು, ಹೆಗಲು ಹೋಯಿತು, ಬರಹ ಹೋಯಿತು. ಮುಂದಿನವನ ಹೆಗಲ ಮೇಲೆ ತಂಬೂರಿಯ ಕತ್ತಿನ ಒಂದು ಚೂರು, ಅದರ ಮೇಲೆ ಮೂರು ಬೆರಳು ಉಳಿದವು.

ನಾನು ನೋಡಿದೆ. ಹೇಳಲಿಲ್ಲ. ನಮ್ಮ ಕಸಬಿನಲ್ಲಿ ಇದಕ್ಕೆ ಶಿಸ್ತು ಎನ್ನುತ್ತಾರೆ.

ವಸಂತರಾಯರು ಫೋನು ಮುಗಿಸಿ ಬರುವಷ್ಟರಲ್ಲಿ ಹಿಂಬದಿಗೆ ಮೊಳೆ ಬಿದ್ದು, ಮುಂಬದಿಗೆ ವೃತ್ತಪತ್ರಿಕೆ ಸುತ್ತಿತ್ತು. ಅವರು ಬಿಚ್ಚಿ ನೋಡಲಿಲ್ಲ. ನೋಡುವ ಮನಸ್ಸು ಇದ್ದಂತೆ ಕಾಣಲಿಲ್ಲ. ಖಲೀಲ್ ಸಾಬರನ್ನು ಮಾತ್ರ, ಮರುದಿನ ಸಂಜೆ ನೀವೂ ಬರಬೇಕು ಎಂದು ಮರೆಯದೆ ಕರೆದರು.

ಮತ್ತೆ ಮೆಟ್ರೋ

ಮೆಟ್ರೋ ಹತ್ತುವ ಮೊದಲು ಸಾಮಾನನ್ನೆಲ್ಲ ಎಕ್ಸ್‌ರೇ ಯಂತ್ರದೊಳಗೆ ಕಳಿಸಬೇಕು. ಚಿತ್ರವೂ ಹೋಯಿತು. ನಾನು ಕುತೂಹಲದಿಂದ ಪರದೆ ನೋಡಿದೆ. ಇಬ್ಬರಲ್ಲಿ ಒಬ್ಬರೂ ಕಾಣಲಿಲ್ಲ. ಮೊಳೆಗಳು ಮಾತ್ರ ಕಂಡವು.

ನಮಗೆ ಕೂರಲು ಜಾಗ ಸಿಕ್ಕಿತು. ವಸಂತರಾಯರು ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಮೂರು ನಿಲ್ದಾಣ ಕಳೆದ ಮೇಲೆ ಹೇಳಿದರು:

“ತಂಬೂರಿ ಬಾರಿಸೂದು ಸಣ್ಣ ಕೆಲಸ ಅಂತ ನಾ ಹೇಳಲಿಲ್ರಿ ಮತ್ತ.”

“ಇಲ್ಲ. ನೀವು ಹೇಳಲಿಲ್ಲ.”

“ನಿಮಗ ಬ್ಯಾಸರ ಆಗಿರಬೇಕು.”

“ನಾ ಅಂಚೆ ಇಲಾಖೆಯವ್ರಿ. ಪತ್ರ ಯಾರಿಗೆ ಬಂದದ ಅಂತ ನೋಡೂದಷ್ಟ ನಮ್ಮ ಕೆಲಸ. ಒಳಗ ಏನದ ಅಂತ ಬ್ಯಾಸರ ಮಾಡಿಕೊಳ್ಳೂ ಹಂಗಿಲ್ಲ.”

ಅವರಿಗೆ ಇದರಿಂದ ಸಮಾಧಾನವಾಯಿತೋ ಇಲ್ಲವೋ ತಿಳಿಯದು. ಮಿಯಾಪುರ ಬರುವ ತನಕ ವೃತ್ತಪತ್ರಿಕೆಯ ಮೇಲಿನ ಸುದ್ದಿ ಓದುತ್ತಿದ್ದರು. ಅದು ತೆಲುಗಿನದು, ತಲೆಕೆಳಗಾಗಿತ್ತು.

ಅಂದು ರಾತ್ರಿ ಚಿತ್ರ ಬಿಚ್ಚಬಾರದು, ಮರುದಿನ ಒಳ್ಳೆಯ ಹೊತ್ತು ನೋಡಿ ಗೋಡೆಗೆ ಏರಿಸಬೇಕು ಎಂದು ಸುಭದ್ರಕ್ಕ ಹೇಳಿದ್ದರಿಂದ ಆ ದಿನ ಹಾಗೇ ಮುಗಿಯಿತು.

ಎರಡನೆಯ ದಿನ, ಮಧ್ಯಾಹ್ನ

ಊಟವಾದ ಮೇಲೆ ಚಿತ್ರ ಗೋಡೆಗೆ ಏರಿತು. ವಸಂತರಾಯರು ಸ್ಪಿರಿಟ್ ಲೆವೆಲ್ ಇಟ್ಟು ನೋಡಿ, ನೆಟ್ಟಗಿದೆ ಎಂದರು. ಚಿತ್ರ ನೆಟ್ಟಗೇ ಇತ್ತು. ಬೆರಳುಗಳನ್ನು ಅವರು ಆಗ ಕಂಡರು. ಅವರ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಅಷ್ಟರಲ್ಲಿ ಸುಭದ್ರಕ್ಕ ಗಂಧದ ಬಟ್ಟಲು ಹಿಡಿದು ಬಂದಿದ್ದರು. ಹತ್ತಿರ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ, ಹಣೆ ಹುಡುಕಿ ಬೊಟ್ಟಿಟ್ಟರು. ಹಿಂದೆ ಸರಿಯಲಿಲ್ಲ.

“ವಸಂತಾ, ಈ ಬೆರಳು ಯಾರ್ವು?”

“ಯಾವ ಬೆರಳು?”

“ಇವು. ಹೆಗಲ ಮ್ಯಾಲಿನವು.”

“ಅವರವ ಅಕ್ಕಾ.”

“ಒಂದು ಕೈ ಕಿವಿ ಮ್ಯಾಲ ಅದ. ಒಂದು ಕೈ ಮುಂದದ. ಇದು ಎಷ್ಟನೇದು?”

ವಸಂತರಾಯರಿಗೆ ಎಣಿಕೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಮೂರನೇದು,” ಎಂದರು.

ಸುಭದ್ರಕ್ಕ ತಮ್ಮನನ್ನು ಬಿಟ್ಟು ನನ್ನ ಕಡೆ ತಿರುಗಿದರು. “ನೀವು ಹೇಳ್ರಿ ಜೋಶಿಯವರ. ನಿನ್ನೆ ನೀವೂ ಹೋಗಿದ್ರಿ.”

ನಾನು ಕೊಟ್ಟ ಮಾತಿನ ಎಲ್ಲೆ ಎಲ್ಲಿಯವರೆಗಿದೆ ಎಂದು ಮನಸ್ಸಿನಲ್ಲೇ ನೋಡಿಕೊಂಡೆ. ಮಾತು ಕೊಟ್ಟದ್ದು ಹಿಂದೆ ಕೂತವನ ಬಗ್ಗೆ. ಬೆರಳಿನ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ.

“ಮೊದಲನೇ ತಂತಿಗೆ ನಡುವಿನ ಬೆರಳು ಹಚ್ಚ್ಯಾರ್ರಿ,” ಎಂದೆ. “ಉಳಿದ ಮೂರಕ್ಕ ತೋರುಬೆರಳು ತಯಾರ ಇಟ್ಟಾರ. ಸರಿಯಾದ ಪದ್ಧತಿ ಅದು.”

“ಅಂದ್ರ ಅದು ತಂಬೂರಿ.”

“ಹೌದ್ರಿ.”

“ಬಾರಿಸಾಂವ ಒಬ್ಬ ಒಳಗ ಅದಾನ.”

“ಇರಬೇಕ್ರಿ. ಬೆರಳಷ್ಟ ಯಾರೂ ಕಚೇರಿಗೆ ಬರೂದಿಲ್ಲ.”

ಸುಭದ್ರಕ್ಕ ಬಟ್ಟಲು ಕೆಳಗಿಟ್ಟರು. “ವಸಂತಾ, ಬಿಚ್ಚು.”

ವಸಂತರಾಯರು ಇಕ್ಕಳ ತಂದರು. ಒಂದೊಂದೇ ಮೊಳೆ ಕೀಳುತ್ತ, ಮೊಳೆಗೊಂದು ಮಾತಿನಂತೆ ಎಲ್ಲವನ್ನೂ ಹೇಳಿದರು: ಬರಹ, ಕಸೆ, ಅಜ್ಜನ ಪೆನ್ಸಿಲು, ತಾವು ಮೊದಲಿನಷ್ಟೇ ಮುಚ್ಚು ಎಂದದ್ದು. ಒಳಕೋಣೆಯಲ್ಲಿ ಗಂಟಲು ಮುಕ್ಕಳಿಸುತ್ತಿದ್ದ ಪಂಡಿತರ ಸದ್ದು ನಡುವೆ ಎಲ್ಲೋ ನಿಂತುಹೋಯಿತು.

ರಟ್ಟು ಸರಿಸಿ ಸುಭದ್ರಕ್ಕ ಭೂತಗನ್ನಡಿ ಹಿಡಿದರು. ಹಿಂದಿನವನನ್ನು ಬಹಳ ಹೊತ್ತು ನೋಡಿದರು. ಮೀಸೆ, ಕಸೆ, ಬೆರಳು. ಮುಂದಿನವನ ಹತ್ತಿರ ಬಂದರು.

“ಹಂಗಾರ ನಾ ದಿನಾ ಗಂಧ ಹಚ್ಚಿದ್ದು?”

“ಫಜಲ್ ಮಿಯಾಗ.”

“ಏಕಾದಶಿ ದಿನ ಬರೇ ಹಣ್ಣು ನೈವೇದ್ಯ ತೋರಿಸಿದ್ದು?”

“ಅವರಿಗೇ.”

“ಪಾಪ,” ಎಂದರು. “ಎಷ್ಟು ವರ್ಷ ಉಪಾಸ ಕೆಡವಿದೆ ಮನಷ್ಯಾನ್ನ.”

ವಸಂತರಾಯರು ಇಕ್ಕಳವನ್ನು ತೆರೆಯುತ್ತ ಮುಚ್ಚುತ್ತ ನಿಂತಿದ್ದರು. “ಅಕ್ಕಾ, ನಿನಗ ಹೇಳಬಾರದಂತಲ್ಲ. ನಿನ್ನ ಹಾಡಿಕಿ ಎಲ್ಲಾ ಇವರ ಹೆಸರಿನ ಮ್ಯಾಲೆ…”

“ನಾ ಛಲೋ ಹಾಡಿದ ದಿನ ಅಪ್ಪ ಏನಂತಿದ್ದ?”

“ನರಸಿಂಗರಾಯರ ಕಂಠ ಅಂತಿದ್ದ.”

“ನರಸಿಂಗರಾಯ ಹಾಡೇ ಇಲ್ಲ.”

“ಇಲ್ಲ.”

“ಫಜಲ್ ಮಿಯಾ ನಮ್ಮಂವಲ್ಲ.”

“ಅಲ್ಲ.”

“ಹಂಗಾರ ಅದು ಯಾರ ಕಂಠ ಇತ್ತು?”

ವಸಂತರಾಯರು ಇಕ್ಕಳವನ್ನು ಕೆಳಗಿಟ್ಟರು. ನನ್ನನ್ನು ಯಾರೂ ಕೇಳಲಿಲ್ಲ.

“ನಂದ ಇತ್ತು ಕಾಣ್ತದ,” ಎಂದರು ಸುಭದ್ರಕ್ಕ. ಬಹಳ ವರ್ಷ ಬೇರೆಯವರ ವಿಳಾಸಕ್ಕೆ ಹೋಗುತ್ತಿದ್ದ ಪತ್ರ ಕೊನೆಗೆ ತಮ್ಮ ಕೈಗೆ ಬಂದವರು ಹೀಗೇ ಮಾತಾಡುತ್ತಾರೆ. ಮೊದಲು ವಿಳಾಸ ಓದುತ್ತಾರೆ. ಒಡೆಯುವುದು ಆಮೇಲೆ. ಭೂತಗನ್ನಡಿಯನ್ನು ಸೀರೆಯ ಸೆರಗಿನಿಂದ ಒರೆಸಿ, ಗವಸಿನಲ್ಲಿಟ್ಟು, ನನ್ನನ್ನು ಕೇಳಿದರು:

“ನಿಮ್ಮ ತಂಬೂರಿ ಯಾವ ಪಟ್ಟಿಗದ?”

“ಕರಿ ಒಂದಕ್ಕದ್ರಿ,” ಎಂದೆ. ಹಾರ್ಮೋನಿಯಂನ ಮೊದಲ ಕರಿ ಮನೆಯ ಶ್ರುತಿ ಅದು. “ಪಂಡಿತರ ಪಟ್ಟಿ.”

“ಮೊದಲು ನಂದು ಕರಿ ನಾಕು ಇತ್ತು. ಈಗ ಗಂಡಸರ ಪಟ್ಟಿಗೇ ಇಳದದ. ಏರಸಬ್ಯಾಡ್ರಿ, ಹಂಗ ಇರಲಿ.”

ವಸಂತರಾಯರಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. “ಅಕ್ಕಾ, ನೀ ಹಾಡಾಕಿ?”

“ಯಾಕ, ಬ್ಯಾರೆ ಯಾರನ್ನರ ಕೇಳಬೇಕೇನು ಈಗ?”

ಸಂಜೆ

ಇಲ್ಲಿ ಒಂದು ಸಂವಿಧಾನಾತ್ಮಕ ಬಿಕ್ಕಟ್ಟು ಉಂಟಾಯಿತು. ನಮ್ಮ ಸಂಗೀತದಲ್ಲಿ ಕಿರಿಯರು ಮೊದಲು ಹಾಡುತ್ತಾರೆ, ಹಿರಿಯರು ಕೊನೆಗೆ. ಆಮಂತ್ರಣದಲ್ಲಿ ಪಂಡಿತರ ಹೆಸರು ಒಂದೇ ಇತ್ತು. ಮೂವತ್ತು ವರ್ಷದಿಂದ ಅವರು ಯಾವ ಸಭೆಯಲ್ಲೂ ಮೊದಲು ಹಾಡಿದವರಲ್ಲ. ಸುಭದ್ರಕ್ಕನವರು ಮೊದಲು ಹಾಡಿದರೆ ಅವರು ಕಿರಿಯರಾಗುತ್ತಾರೆ, ಆಮೇಲೆ ಹಾಡಿದರೆ ಪಂಡಿತರು ಕಿರಿಯರಾಗುತ್ತಾರೆ. ವಸಂತರಾಯರು ಈ ವಿಷಯವನ್ನು ಪಂಡಿತರ ಮುಂದೆ ಹೇಗೆ ಇಡುವುದೆಂದು ತಿಳಿಯದೆ ಬಿಸಿನೀರು ಒಯ್ದು ಕೊಟ್ಟು ಮೂರು ಸಲ ಸುಮ್ಮನೆ ವಾಪಸು ಬಂದರು.

ನಾಲ್ಕನೆಯ ಸಲ ಪಂಡಿತರೇ ಮೌನ ಮುರಿದರು. “ನನಗ ಎಲ್ಲಾ ಕೇಳಿಸ್ಯದ. ಬಾಗಲಾ ತೆಳು ಅವ ನಿಮ್ಮ ಮನಿವು. ಹಿರಿಯರು ಕಡೀಗೆ ಹಾಡಬೇಕು, ಅದು ನಿಯಮ. ಅವರ ಮುಂದ ನಾ ಹುಡುಗ. ಮೊದಲ ಹಾಡ್ತೀನಿ.” ಮತ್ತೆ ನನ್ನ ಕಡೆ ನೋಡಿ, “ಹುಡುಗರ ಹಾಡಿಕಿ ಅಂತ ನೀ ಢಿಲಾ ಬಾರಿಸಬ್ಯಾಡ,” ಎಂದರು.

ಐದಕ್ಕೆ ಜನ ಬಂದರು. ಕನ್ನಡದವರು, ತೆಲುಗಿನವರು, ಕಾರ್ಖಾನೆಯ ಹಳೆಯ ಗೆಳೆಯರು. ಖಲೀಲ್ ಸಾಬ್ ಬಿಳಿ ಶೇರವಾನಿ ತೊಟ್ಟು ಬಂದಿದ್ದರು. ಗೋಡೆಯ ಮೇಲೆ ಚಿತ್ರ ರಟ್ಟಿಲ್ಲದೆ, ಗಾಜಿನ ಹಿಂದೆ ಪೂರ್ತಿ ಕಾಣುವಂತೆ ಇತ್ತು. ಅವರು ಮೊದಲು ಅದನ್ನು ನೋಡಿ, ಆಮೇಲೆ ವಸಂತರಾಯರನ್ನು ನೋಡಿ, ತಮ್ಮ ನೆಟ್ಟಗಿನ ರಟ್ಟು ಎಲ್ಲಿ ಎಂದು ಕೇಳಿದರು. ಅಡುಗೆಮನೆಯಲ್ಲಿ ಬಿಸಿ ಪಾತ್ರೆಯ ಕೆಳಗಿದೆ ಎಂದು ತಿಳಿದ ಮೇಲೂ ಅಸಮಾಧಾನ ತೋರಿಸಲಿಲ್ಲ. ನರಸಿಂಗರಾಯರ ಹಣೆಗೆ ಗಂಧವಾಗಿತ್ತು. ಫಜಲ್ ಮಿಯಾಗೆ ಸುಭದ್ರಕ್ಕ ಗಂಧ ಬೇಡ ಎಂದು, ಖಲೀಲ್ ಸಾಬರ ಜೇಬಿನಲ್ಲಿದ್ದ ಅತ್ತರಿನ ಶೀಶೆ ಇಸಿದುಕೊಂಡು ಗಾಜಿನ ಅಂಚಿಗೆ ಹಚ್ಚಿದ್ದರು.

ವಸಂತರಾಯರು ಎದ್ದು ನಿಂತು ಆಮಂತ್ರಣಕ್ಕೆ ತಿದ್ದುಪಡಿ ಓದಿದರು. “ನಮ್ಮ ಮೂಲಪುರುಷರು ತಂಬೂರಿ ಬಾರಿಸ್ತಿದ್ರು. ಹಾಡ್ತಿದ್ದವರು ಮುಂದಿನವರು, ಫಜಲ್ ಮಿಯಾ. ಇಷ್ಟು ದಿನ ನಾವು ತಪ್ಪು ತಿಳದಿದ್ವಿ, ನಿನ್ನೆ ಒಂದು ದಿನ ತಿಳಿದೂ ತಪ್ಪು ಮಾಡಿದೆ. ಊಟ ಅದ, ಯಾರೂ ಹೋಗಬ್ಯಾಡ್ರಿ.” ಅದನ್ನೇ ತೆಲುಗಿನಲ್ಲೂ ದಖನಿಯಲ್ಲೂ ಹೇಳಿದರು. ಮೂರೂ ಭಾಷೆಯಲ್ಲಿ ತಪ್ಪು ಒಂದೇ ಅಳತೆಯದಾಗಿತ್ತು.

ಪಂಡಿತರು ಮೊದಲು ಹಾಡಿದರು. ಹುಡುಗರು ಹಾಡುವ ಹಾಗೆ, ಮೈ ಮರೆತು, ಸಮಯ ನೋಡದೆ ಹಾಡಿದರು. ಆಮೇಲೆ ಎದ್ದು ಪಕ್ಕಕ್ಕೆ ಸರಿದು, ಸುಭದ್ರಕ್ಕನಿಗೆ ಜಾಗ ಬಿಟ್ಟು, ಕೆಳಗೆ ಜನರ ನಡುವೆ ಕೂತರು. ನಾನು ಕೂತಲ್ಲಿಂದ ಏಳುವ ಕೆಲಸವಿರಲಿಲ್ಲ. ನೋಡುವ ಕತ್ತು ಮಾತ್ರ ಬೇರೆಯಾಯಿತು.

ಸುಭದ್ರಕ್ಕ ಪೂರ್ವಿ ರಾಗ ಹಾಡಿದರು. ಕಂಠ ಒಡೆದಿತ್ತು. ಮೇಲಿನ ಷಡ್ಜಕ್ಕೆ ಹೋಗಲಾರದೆ ಎರಡು ಸಲ ಕೆಳಗೇ ನಿಂತರು. ಎರಡು ಸಲವೂ ನಿಂತದ್ದು ಎಲ್ಲಿ ನಿಲ್ಲಬೇಕೋ ಅಲ್ಲೇ. ಮೂರನೆಯ ಸಲ ಹೋಗಿ ಮುಟ್ಟಿದರು. ಹೆಚ್ಚು ಹೊತ್ತು ಇರಲಿಲ್ಲ. ಮುಟ್ಟಿದ್ದು ನಮಗೆಲ್ಲ ಕೇಳಿಸಿತು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಮುಗಿಸಿ ಕೈ ಜೋಡಿಸಿದರು.

ವಸಂತರಾಯರು ಎದ್ದು ಬಂದು, ಹುಟ್ಟಿದಾಗಿನ ಅಭ್ಯಾಸದಂತೆ ಚಿತ್ರದ ಕಡೆ ಕೈ ಎತ್ತಿ, “ಎಷ್ಟಾದ್ರೂ ನಮ್ಮ ನರಸಿಂಗರಾಯರ…” ಎಂದು ಶುರುಮಾಡಿದರು.

ಸುಭದ್ರಕ್ಕ ತಿರುಗಿ ಅವರನ್ನು ನೋಡಿದರು.

ವಸಂತರಾಯರು ಎತ್ತಿದ ಕೈ ಇಳಿಸಿದರು. ಅಲ್ಲೇ, ಎಲ್ಲರ ಮುಂದೆ, ಅಕ್ಕನ ಎದುರು ನೆಲದ ಮೇಲೆ ಕೂತರು.

“ಅಕ್ಕಾ,” ಎಂದರು, “ಛಲೋ ಹಾಡಿದಿ.”